ಕಾಡ್ಗಿಚ್ಚು

ಕಾಡು, ಕುರುಚಲು, ಹುಲ್ಲುಗಾವಲುಗಳಲ್ಲಿ ಹೊತ್ತಿಕೊಂಡು ಮನುಷ್ಯನ ಹತೋಟಿಗೆ ಸಿಗದೆ ಹಬ್ಬುವ ಬೆಂಕಿ. ಹಳೆಯ ಕನ್ನಡದಲ್ಲಿ ಕಾಳ್ಗಿಚ್ಚು. ಸಂಸ್ಕೃತದಿಂದ ಬಂದ ದಾವಾಗ್ನಿ, ದಾವಾನಲ ಎಂಬ ಮಾತುಗಳೂ ಬಳಕೆಯಲ್ಲಿವೆ. ಮನುಷ್ಯ ಹುಟ್ಟುವುದಕ್ಕೆ ಬಹಳ ಮುಂಚಿನಿಂದಲೇ ಭೂಮಿಯ ಮೇಲೆ ಗಿಡಮರ ಉರಿದಿವೆ. 40 ಕೋಟಿ ವರ್ಷಕ್ಕೂ ಹಿಂದಿನ ಕಲ್ಲಿನ ಪದರಗಳಲ್ಲಿ ಇದ್ದಿಲಿನ ಚೂರುಗಳು ಸಿಕ್ಕಿವೆ. ಗಿಡ ನೆಲಕ್ಕೆ ಕಾಲಿಟ್ಟ ಹೊಸದರಲ್ಲೇ ಬೆಂಕಿಯೂ ಅದರ ಬೆನ್ನು ಹತ್ತಿತು.

ಒಂದೇ ಹೆಸರಿನಿಂದ ಕರೆದರೂ ಕಾಡ್ಗಿಚ್ಚುಗಳೆಲ್ಲ ಒಂದೇ ಬಗೆಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೈನ್ ಮರಗಳ ನೆತ್ತಿಯಿಂದ ನೆತ್ತಿಗೆ ಜಿಗಿಯುವ ಜ್ವಾಲೆ, ಇಂಡೊನೇಷ್ಯಾದ ಜವುಗು ಮಣ್ಣಿನೊಳಗೆ ತಿಂಗಳುಗಟ್ಟಲೆ ಹೊಗೆಯಾಡುವ ಕೆಂಡ, ಬಂಡೀಪುರದ ತೇಗ ಮತ್ತಿಗಳ ಕಾಡಿನಲ್ಲಿ ಮೊಣಕಾಲೆತ್ತರಕ್ಕೆ ತರಗೆಲೆ ತಿನ್ನುತ್ತ ಸಾಗುವ ಬೆಂಕಿ, ಇವುಗಳ ಹುಟ್ಟು, ನಡೆ, ಹಾನಿ ಬೇರೆ ಬೇರೆ. ಒಂದಕ್ಕೆ ಸಲ್ಲುವ ಮದ್ದು ಇನ್ನೊಂದಕ್ಕೆ ಸಲ್ಲದು. ಹೊರದೇಶಗಳ ಬೆಂಕಿಯನ್ನು ಟಿ.ವಿ.ಯಲ್ಲಿ ಕಂಡು ನಮ್ಮ ಕಾಡಿನ ಬೆಂಕಿಯನ್ನೂ ಹಾಗೆಯೇ ಕಲ್ಪಿಸಿಕೊಳ್ಳುವವರು ಬಹಳ ಮಂದಿ ಇರುವುದರಿಂದ ಇದನ್ನು ಮೊದಲಿಗೇ ಹೇಳಬೇಕಾಗಿದೆ.

ಹೊತ್ತಿಕೊಳ್ಳುವ ಬಗೆ

ಬೆಂಕಿಗೆ ಮೂರು ಬೇಕು: ಉರುವಲು, ಆಮ್ಲಜನಕ, ಕಾವು. ಕಟ್ಟಿಗೆಗೆ ಕಾವು ತಾಗಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ನೀರು ಇರುವವರೆಗೆ ಕಾವೆಲ್ಲ ಅದನ್ನು ಹೊರಗಟ್ಟುವುದಕ್ಕೇ ಖರ್ಚಾಗುತ್ತದೆ. ಆಮೇಲೆ ಕಟ್ಟಿಗೆಯ ನಾರು ಒಡೆದು ಉರಿಯಬಲ್ಲ ಅನಿಲಗಳು ಹೊರಬರುತ್ತವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅವು ಹೊತ್ತಿಕೊಳ್ಳುತ್ತವೆ. ಕಣ್ಣಿಗೆ ಕಾಣುವ ಜ್ವಾಲೆ ಈ ಅನಿಲದ್ದು. ಅದು ತೀರಿದ ಮೇಲೆ ಉಳಿಯುವ ಇದ್ದಿಲು ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ಹಸಿ ಸೌದೆ ಹಾಕಿದ ಒಲೆಯ ಮುಂದೆ ಕೂತು ಕಣ್ಣು ಉಜ್ಜಿಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹಾಗಾಗಿ ಕಾಡು ಹೊತ್ತಿಕೊಳ್ಳುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನೆಲದ ಮೇಲಿನ ಸಣ್ಣ ಉರುವಲಿನ ತೇವ. ಹುಲ್ಲು, ತರಗು, ಕಡ್ಡಿಗಳು ಗಾಳಿಯ ತೇವಕ್ಕೆ ತಕ್ಕಂತೆ ಒಂದೆರಡು ಗಂಟೆಯಲ್ಲೇ ಒದ್ದೆಯಾಗುತ್ತವೆ, ಒಣಗುತ್ತವೆ. ಬೆಳಗಿನ ಇಬ್ಬನಿಯಲ್ಲಿ ಕಡ್ಡಿ ಗೀರಿದರೂ ಹೊತ್ತದ ತರಗು ಮಧ್ಯಾಹ್ನ ಎರಡು ಗಂಟೆಗೆ ಒಂದು ಕಿಡಿಗೆ ಭಗ್ಗನೆ ಹೊತ್ತುತ್ತದೆ. ದಪ್ಪ ದಿಮ್ಮಿ ಒಣಗಲು ವಾರಗಳು, ತಿಂಗಳುಗಳೇ ಬೇಕು. ದಕ್ಷಿಣ ಕರ್ನಾಟಕದ ಎಲೆ ಉದುರುವ ಕಾಡುಗಳಲ್ಲಿ ಮುಂಗಾರಿನಲ್ಲಿ ಎತ್ತರ ಬೆಳೆದ ಹುಲ್ಲು ಡಿಸೆಂಬರಿಗೆ ಒಣಗುತ್ತದೆ. ಜನವರಿ, ಫೆಬ್ರವರಿಗಳಲ್ಲಿ ತೇಗ, ಮತ್ತಿ, ದಿಂಡಿಗ ಒಂದರ ಹಿಂದೊಂದು ಎಲೆ ಕಳಚುತ್ತವೆ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಕಾಡಿನ ನೆಲದ ಮೇಲೆ ಹಾಸಿಗೆ ಹಾಸಿದ ಹಾಗೆ ಉರುವಲು ಬಿದ್ದಿರುತ್ತದೆ, ಅರಣ್ಯದ ಕಾವಲುಗಾರರ ಜಾಗರಣೆ ಮುಂಗಾರು ಪೂರ್ವದ ಮಳೆಯವರೆಗೆ ಮುಂದುವರಿಯುತ್ತದೆ.

ಕಿಡಿ ಎಲ್ಲಿಂದ ಬರುತ್ತದೆ? ಉತ್ತರ ಅಮೆರಿಕ, ಸೈಬೀರಿಯ, ಆಸ್ಟ್ರೇಲಿಯಾಗಳಲ್ಲಿ ಸಿಡಿಲು ದೊಡ್ಡ ಕಾರಣ. ಮಳೆಯ ಹನಿ ನೆಲ ಮುಟ್ಟುವ ಮೊದಲೇ ಒಣಗಿಹೋಗಿ ಸಿಡಿಲಷ್ಟೇ ಬಡಿಯುವುದು ಅಲ್ಲಿ ಸಾಮಾನ್ಯ. ಕೆನಡಾದಲ್ಲಿ ಸರಿಸುಮಾರು ಅರ್ಧದಷ್ಟು ಬೆಂಕಿಗಳು ಸಿಡಿಲಿನಿಂದ ಹುಟ್ಟುತ್ತವೆ. ಜನವಸತಿಯಿಂದ ದೂರದಲ್ಲಿ ಹುಟ್ಟುವುದರಿಂದ ಸುಟ್ಟುಹೋಗುವ ನೆಲದ ಬಹುಪಾಲು ಅವುಗಳದ್ದೇ. ಮನುಷ್ಯನ ಯಂತ್ರ, ತಂತಿಗಳೂ ಕಾರಣವಾಗುತ್ತವೆ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಹಳೆಯ ವಿದ್ಯುತ್ ಮಾರ್ಗವೊಂದರಿಂದ ಹೊತ್ತಿದ ಬೆಂಕಿ ಪ್ಯಾರಡೈಸ್ ಎಂಬ ಊರನ್ನೇ ನುಂಗಿತು. 85 ಜನ ಸತ್ತರು.

ಭಾರತದಲ್ಲಿ ಕಾಡ್ಗಿಚ್ಚು ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ ಹೊತ್ತುತ್ತದೆ. ಬಿದಿರಿಗೆ ಬಿದಿರು ಉಜ್ಜಿ ಕಾಡು ತಾನೇ ಹೊತ್ತಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಿದಿರು ಉಜ್ಜಿ ಬೆಂಕಿ ಮಾಡುವ ವಿದ್ಯೆ ಇರುವುದು ನಿಜ. ಆದರೆ ಅದಕ್ಕೆ ಒಂದೇ ಜಾಗದಲ್ಲಿ ಬಿಡದೆ ಒತ್ತಿ ಉಜ್ಜಬೇಕು, ಉದುರುವ ಬಿಸಿ ಪುಡಿ ಒಂದೆಡೆ ಕೂಡಬೇಕು, ಅದನ್ನು ಒಣ ನಾರಿನಲ್ಲಿಟ್ಟು ಊದಬೇಕು. ಗಾಳಿಗೆ ತೂಗಾಡುವ ಮೆಳೆಯಲ್ಲಿ ಇಷ್ಟೆಲ್ಲ ಕೂಡಿಬರುವುದು ಅಪರೂಪದಲ್ಲಿ ಅಪರೂಪ. ಸಿಡಿಲಿನ ಮಾತೂ ಹಾಗೆಯೇ. ದಕ್ಷಿಣ ಕರ್ನಾಟಕದಲ್ಲಿ ಗುಡುಗು ಸಿಡಿಲು ಜೋರಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ, ಮಳೆಯ ಜೊತೆಗೆ. ಕಾಡು ಹೆಚ್ಚಾಗಿ ಉರಿಯುವುದು ಫೆಬ್ರವರಿ, ಮಾರ್ಚ್‌ಗಳಲ್ಲಿ, ಆಕಾಶದಲ್ಲಿ ಮೋಡದ ಚೂರೂ ಇಲ್ಲದಾಗ.

ಬೆಂಕಿ ಇಡುವವರ ಕಾರಣಗಳು ಹಲವು. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆ ಹುಲ್ಲು ಬೇಗ ಬರುತ್ತದೆ, ದನಕ್ಕೆ ಮೇವಾಗುತ್ತದೆ. ಜಿಂಕೆ, ಕಡವೆಗಳು ಉದುರಿಸಿದ ಕೊಂಬು ಹುಲ್ಲು ಸುಟ್ಟರೆ ಬೇಗ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಕಳ್ಳ ಮಾರುಕಟ್ಟೆಯಲ್ಲಿ ಬೆಲೆಯಿದೆ. ಜೇನು ಕೀಳಲು ಒಯ್ದ ಸೂಡಿಯ ಕಿಡಿ ಉದುರುತ್ತದೆ. ಕಾಡಂಚಿನ ಹೊಲದಲ್ಲಿ ಕೂಳೆ ಸುಟ್ಟ ಬೆಂಕಿ ಬದು ದಾಟುತ್ತದೆ. ಹೆದ್ದಾರಿಯಲ್ಲಿ ಹೋಗುವವರು ಎಸೆದ ಬೀಡಿ, ಸಿಗರೇಟು ಸಾಕಾಗುತ್ತದೆ. ಇವುಗಳ ಜೊತೆಗೆ ಹಗೆ ಇದೆ. ಆನೆ ನುಗ್ಗಿ ಬೆಳೆ ಹಾಳಾದಾಗ, ಪರಿಹಾರ ಬಾರದಿದ್ದಾಗ, ದನ ಮೇಯಿಸಿದ್ದಕ್ಕೆ ಮೊಕದ್ದಮೆ ಬಿದ್ದಾಗ ಹುಟ್ಟುವ ಸಿಟ್ಟು ಬೇಸಿಗೆಯಲ್ಲಿ ಬೆಂಕಿಕಡ್ಡಿಯ ರೂಪ ತಾಳುತ್ತದೆ. ಪತ್ರಿಕೆಗಳು ಇವರೆಲ್ಲರನ್ನೂ ಕಿಡಿಗೇಡಿಗಳು ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತವೆ. ಮೇವಿಗೆ ಸುಡುವವನನ್ನೂ ಕೊಂಬಿಗೆ ಸುಡುವವನನ್ನೂ ಬೇರೆಯಾಗಿ ನೋಡದೆ ತಡೆಯುವ ದಾರಿ ಸಿಗುವುದಿಲ್ಲ.

ಹಬ್ಬುವ ಬಗೆ

ಹೊತ್ತಿದ ಬೆಂಕಿ ಎತ್ತ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ ಎನ್ನುವುದು ಗಾಳಿ, ಇಳಿಜಾರು, ಉರುವಲು ಈ ಮೂರನ್ನು ಅವಲಂಬಿಸಿದೆ. ಗಾಳಿ ಜ್ವಾಲೆಯನ್ನು ಮುಂದಕ್ಕೆ ಬಗ್ಗಿಸಿ ಇನ್ನೂ ಹೊತ್ತದ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಗುಡ್ಡದ ಇಳಿಜಾರು ಮಾಡುವುದೂ ಇದೇ ಕೆಲಸವನ್ನು: ಕೆಳಗಿನಿಂದ ಏರುವ ಬೆಂಕಿಗೆ ಮೇಲಿನ ಉರುವಲು ಹತ್ತಿರವಾಗಿರುತ್ತದೆ, ಬಿಸಿಗಾಳಿಯೂ ಮೇಲಕ್ಕೇ ಹೋಗುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಾಗ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಬೆಂಕಿಯೊಡನೆ ಕೆಲಸ ಮಾಡುವವರು ಬಳಸುವ ಅಂದಾಜು. ಬೆಟ್ಟದ ಮೇಲಿರುವವರು ಕೆಳಗೆ ಹೊಗೆ ಕಂಡಾಗ ಇನ್ನೂ ಮೇಲಕ್ಕೆ ಓಡುವುದು ಸಹಜ, ಅದೇ ಅಪಾಯ. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟಗಳಲ್ಲಿ ಚಾರಣಕ್ಕೆ ಹೋದವರು ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಒಣಗಿದ ಹುಲ್ಲಿನ ಬೆಂಕಿ ಇಳಿಜಾರು ಏರುವಾಗ ಓಡುವ ಮನುಷ್ಯನನ್ನು ಹಿಂದಿಕ್ಕುತ್ತದೆ ಎಂಬುದನ್ನು ಮಲೆನಾಡಿನ ಬೋಳುಗುಡ್ಡಗಳಿಗೆ ಬೇಸಿಗೆಯಲ್ಲಿ ಹೋಗುವ ಪ್ರತಿಯೊಬ್ಬ ಚಾರಣಿಗನೂ ತಿಳಿದಿರಬೇಕು.

ಉರಿಯುವ ಜಾಗವನ್ನು ನೋಡಿ ಬೆಂಕಿಯನ್ನು ಮೂರಾಗಿ ವಿಂಗಡಿಸುವುದು ರೂಢಿ. ತರಗು, ಹುಲ್ಲು, ಪೊದೆಗಳನ್ನು ಸುಡುತ್ತ ಸಾಗುವುದು ನೆಲಬೆಂಕಿ. ಮರದ ತಲೆಗೇರಿ ಹಂದರದಲ್ಲಿ ಓಡುವುದು ನೆತ್ತಿಬೆಂಕಿ. ಕೊಳೆತ ಸಸ್ಯರಾಶಿಯ ಮಣ್ಣಿನೊಳಗೆ ಇಳಿದು ಜ್ವಾಲೆಯಿಲ್ಲದೆ ಉರಿಯುವುದು ಒಳಬೆಂಕಿ. ನಮ್ಮ ಕಾಡುಗಳಲ್ಲಿ ಕಾಣುವುದು ಬಹುತೇಕ ಮೊದಲನೆಯದು. ಅದು ನೆತ್ತಿಗೇರಬೇಕಾದರೆ ನಡುವೆ ಏಣಿ ಬೇಕು. ದುರದೃಷ್ಟವೆಂದರೆ ಕಳೆದ ಕೆಲವು ದಶಕಗಳಲ್ಲಿ ಆ ಏಣಿ ಎರಡು ರೂಪದಲ್ಲಿ ಬಂದು ಕೂತಿದೆ. ಒಂದು ಲಂಟಾನ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಈ ಮುಳ್ಳುಪೊದೆ ಮರಗಳ ನಡುವಿನ ಜಾಗವನ್ನೆಲ್ಲ ತುಂಬಿ ಆಳೆತ್ತರಕ್ಕಿಂತ ಮೇಲೆ ಬೆಳೆಯುತ್ತದೆ. ಹಸಿಯಿದ್ದಾಗಲೂ ಅದರ ಕೆಳಗಿನ ಒಣ ಕಡ್ಡಿಗಳು ಹೊತ್ತಿಕೊಳ್ಳುತ್ತವೆ. ಇನ್ನೊಂದು ಹೂ ಬಿಟ್ಟು ಸತ್ತ ಬಿದಿರು. ಬಿದಿರು ಬದುಕಿನಲ್ಲಿ ಒಂದೇ ಸಲ, ಹಲವು ದಶಕಗಳಿಗೊಮ್ಮೆ ಕಾಡಿಗೆ ಕಾಡೇ ಹೂ ಬಿಟ್ಟು ಅಕ್ಕಿ ಉದುರಿಸಿ ಒಣಗುತ್ತದೆ. ಹಾಗೆ ಒಣಗಿದ ಮೆಳೆಗಳು ವರ್ಷಗಟ್ಟಲೆ ನಿಂತೂ ಬಿದ್ದೂ ಉರುವಲಾಗಿರುತ್ತವೆ. ಉರಿಯುವಾಗ ಗಿಣ್ಣುಗಳ ನಡುವಿನ ಗಾಳಿ ಹಿಗ್ಗಿ ಪಟಾಕಿಯ ಹಾಗೆ ಸಿಡಿಯುತ್ತವೆ, ಕಿಡಿಯನ್ನು ದೂರ ಚಿಮ್ಮುತ್ತವೆ.

ಹಾರುವ ಕಿಡಿಯೇ ಬೆಂಕಿ ಆರಿಸುವವರ ದೊಡ್ಡ ಶತ್ರು. ಗಾಳಿಗೆ ತೇಲಿದ ಉರಿಯುವ ತೊಗಟೆ ಮುಂದೆಲ್ಲೋ ಬಿದ್ದು ಹೊಸ ಬೆಂಕಿ ಹುಟ್ಟಿಸುತ್ತದೆ. ಆಸ್ಟ್ರೇಲಿಯಾದ ನೀಲಗಿರಿ ಮರಗಳ ನೀಳ ತೊಗಟೆಗಳು ಹೀಗೆ ಹಲವು ಕಿಲೋಮೀಟರ್ ದೂರ ಹೋಗುತ್ತವೆ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ ಒಂದೇ ದಿನದ ಬೆಂಕಿಗಳು 173 ಜನರನ್ನು ಬಲಿ ತೆಗೆದುಕೊಂಡಾಗ ಮೆಲ್ಬರ್ನ್ ನಗರದಲ್ಲಿ ತಾಪಮಾನ 46 ಡಿಗ್ರಿ ದಾಟಿತ್ತು. ಬಹಳ ದೊಡ್ಡ ಬೆಂಕಿ ತನ್ನದೇ ಹವಾಮಾನವನ್ನು ಕಟ್ಟಿಕೊಳ್ಳುತ್ತದೆ: ಬಿಸಿಗಾಳಿ ಮೇಲೇರಿ ಮೋಡವಾಗಿ, ಆ ಮೋಡ ಸಿಡಿಲು ಉದುರಿಸಿ ಮತ್ತೆ ಬೆಂಕಿ ಹೊತ್ತಿಸಿದ್ದುಂಟು.

ಬಂಡೀಪುರ, 2019

ಕರ್ನಾಟಕದ ಜನ ಕಾಡ್ಗಿಚ್ಚನ್ನು ಮನೆಯ ಸುದ್ದಿಯಾಗಿ ಮಾತಾಡಿಕೊಂಡದ್ದು 2019ರ ಫೆಬ್ರವರಿಯಲ್ಲಿ. ಹಿಂದಿನ ವರ್ಷದ ಒಳ್ಳೆಯ ಮಳೆಗೆ ಹುಲ್ಲು ಸೊಂಪಾಗಿ ಬೆಳೆದಿತ್ತು, ಆಮೇಲೆ ಒಣಹವೆ ಹಿಡಿಯಿತು. ಮಳೆ ಚೆನ್ನಾದ ವರ್ಷದ ಮರುಬೇಸಿಗೆಯೇ ಹೆಚ್ಚು ಅಪಾಯದ್ದು ಎಂಬುದನ್ನು ನಾವು ಮರೆಯುತ್ತೇವೆ. ಚಾಮರಾಜನಗರ ಜಿಲ್ಲೆಯ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟ ವಲಯಗಳಲ್ಲಿ ಬೆಂಕಿ ಗಾಳಿಯ ನೆರವಿನಿಂದ ಬೆಟ್ಟಗಳನ್ನೇರಿತು. ಕಾವಲುಗಾರರು, ಅಗ್ನಿಶಾಮಕ ದಳದವರು, ಮೈಸೂರು ಬೆಂಗಳೂರುಗಳಿಂದ ಬಂದ ನೂರಾರು ಸ್ವಯಂಸೇವಕರು ಹಗಲಿರುಳು ಬಡಿದರೂ ಹತೋಟಿಗೆ ಬರಲಿಲ್ಲ. ಕಡೆಗೆ ವಾಯುಪಡೆಯ ಮಿ-17 ಹೆಲಿಕಾಪ್ಟರ್‌ಗಳು ಸೂಲೂರಿನಿಂದ ಬಂದು ತೂಗುತೊಟ್ಟಿಗಳಲ್ಲಿ ನೀರು ತುಂಬಿ ಸುರಿದವು. ಸಾವಿರಾರು ಹೆಕ್ಟೇರ್ ಕಾಡು ಸುಟ್ಟಿತು. ಅದೇ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನಕ್ಕೆ ಬಂದವರ ವಾಹನ ನಿಲ್ದಾಣದ ಒಣಹುಲ್ಲಿನಲ್ಲಿ ಬೆಂಕಿ ಹಬ್ಬಿ ಸುಮಾರು 300 ಕಾರುಗಳು ಕರಕಲಾದವು. ಎರಡು ಕಡೆಯೂ ಹೊತ್ತಿದ್ದು ಅದೇ ವರ್ಷದ ಒಣಹುಲ್ಲು.

ಬೆಂಕಿಯನ್ನು ಎದುರಿಸುವುದು

ಉರುವಲು, ಆಮ್ಲಜನಕ, ಕಾವು ಈ ಮೂರರಲ್ಲಿ ಒಂದನ್ನು ಕಿತ್ತರೆ ಬೆಂಕಿ ಆರುತ್ತದೆ. ಮನೆಗೆ ಬೆಂಕಿ ಬಿದ್ದರೆ ನೀರು ಸುರಿದು ಕಾವು ಕಳೆಯುತ್ತೇವೆ. ಫೆಬ್ರವರಿಯ ಕಾಡಿನಲ್ಲಿ ನೀರೆಲ್ಲಿದೆ? ಅಲ್ಲಿ ಕಿತ್ತು ಹಾಕಬಹುದಾದದ್ದು ಉರುವಲನ್ನು ಮಾತ್ರ. ಆದ್ದರಿಂದ ಕಾಡ್ಗಿಚ್ಚಿನ ಹೋರಾಟದ ಮುಕ್ಕಾಲು ಪಾಲು ಬೆಂಕಿ ಹುಟ್ಟುವ ಮೊದಲೇ ನಡೆಯುತ್ತದೆ. ಡಿಸೆಂಬರ್, ಜನವರಿಗಳಲ್ಲಿ ರಸ್ತೆಗಳ ಇಕ್ಕೆಲ, ವಲಯಗಳ ಗಡಿ, ಗುಡ್ಡದ ಏಣುಗಳಲ್ಲಿ ಹುಲ್ಲು, ಲಂಟಾನಗಳನ್ನು ಸವರಿ, ಒಣಗಿದ ಮೇಲೆ ಎಚ್ಚರದಿಂದ ಸುಟ್ಟು ಬೋಳು ಪಟ್ಟಿ ಮಾಡುತ್ತಾರೆ. ಇದೇ ಬೆಂಕಿರೇಖೆ; ಇಲಾಖೆಯವರ ಬಾಯಲ್ಲಿ ಫೈರ್ ಲೈನ್. ನೆಲಬೆಂಕಿ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ಸಾಯಬೇಕು. ಕೆಲಸ ತಡವಾದರೆ, ಪಟ್ಟಿ ಕಿರಿದಾದರೆ, ಸವರಿದ ಮೇಲೆ ಮತ್ತೆ ಬಿದ್ದ ತರಗನ್ನು ಗುಡಿಸದಿದ್ದರೆ ರೇಖೆ ಇದ್ದೂ ಇಲ್ಲದ ಹಾಗೆ.

ಬೆಂಕಿ ಬಿದ್ದ ಮೇಲೆ ನಮ್ಮ ಕಾಡುಗಳಲ್ಲಿ ಮುಖ್ಯ ಆಯುಧ ಹಸಿ ಸೊಪ್ಪಿನ ಕೊಂಬೆ. ಸಾಲಾಗಿ ನಿಂತು, ಬೆಂಕಿಯ ಬದಿಗಳಿಂದ ಬಡಿಯುತ್ತ ಅದರ ಅಗಲ ಕುಗ್ಗಿಸುತ್ತ ಮೂತಿಯ ಕಡೆಗೆ ಹೋಗುತ್ತಾರೆ. ನೇರ ಮೂತಿಗೆ ಹೋಗುವುದು ಸಾವಿಗೆ ಹೋದ ಹಾಗೆ. ಇತ್ತೀಚೆಗೆ ತರಗು ಹಾರಿಸುವ ಬ್ಲೋವರ್ ಯಂತ್ರ, ಬೆನ್ನಿಗೆ ಹೊರುವ ನೀರಿನ ಡಬ್ಬ, ಟ್ಯಾಂಕ್ ಕಟ್ಟಿದ ಜೀಪುಗಳು ಬಂದಿವೆ. ಬೆಂಕಿ ಕೈಮೀರಿದಾಗ ಎದುರು ಬೆಂಕಿ ಕೊಡುತ್ತಾರೆ: ರೇಖೆಯ ಅಂಚಿನಲ್ಲಿ ನಿಂತು ಬರುತ್ತಿರುವ ಬೆಂಕಿಯ ಕಡೆಗೆ ತಾವೇ ಒಂದು ಬೆಂಕಿ ಹಚ್ಚಿ, ನಡುವಿನ ಉರುವಲನ್ನು ಮೊದಲೇ ಮುಗಿಸುವುದು. ಗಾಳಿಯ ತಿರುವು ಬಲ್ಲ ಅನುಭವಿಗಳ ಕೆಲಸ ಇದು; ತಪ್ಪಿದರೆ ಒಂದು ಬೆಂಕಿ ಎರಡಾಗುತ್ತದೆ. ಇರುಳು ಮತ್ತು ನಸುಕು ಬೆಂಕಿ ಬಡಿಯಲು ಒಳ್ಳೆಯ ಹೊತ್ತು, ಗಾಳಿ ತಣ್ಣಗಿರುತ್ತದೆ, ತರಗು ತೇವ ಹಿಡಿಯುತ್ತದೆ. ಜ್ವಾಲೆ ಆರಿದ ಮೇಲೂ ಕೆಲಸ ಮುಗಿಯದು. ಪೊಟರೆ ಬಿದ್ದ ಮರ, ಬಿದಿರಿನ ಬುಡ, ಒಣಗಿದ ಆನೆಲದ್ದಿ ಗಂಟೆಗಟ್ಟಲೆ ಒಳಗೊಳಗೇ ಕೆಂಡ ಹಿಡಿದುಕೊಂಡಿದ್ದು ಮರುದಿನದ ಮಧ್ಯಾಹ್ನದ ಗಾಳಿಗೆ ಮತ್ತೆ ಎದ್ದೇಳುತ್ತವೆ.

ಆಕಾಶದಿಂದಲೂ ಕಣ್ಣಿಡಲಾಗಿದೆ. ಭಾರತೀಯ ಅರಣ್ಯ ಸರ್ವೇಕ್ಷಣೆ 2004ರಿಂದ ಉಪಗ್ರಹದ ನೆರವಿನಿಂದ ಬೆಂಕಿಯ ಎಚ್ಚರಿಕೆ ಕೊಡುತ್ತಿದೆ. ಮೊದಲಿನ ಉಪಕರಣ ಒಂದು ಕಿಲೋಮೀಟರ್ ಚೌಕವನ್ನು ಒಂದು ಚುಕ್ಕೆಯಾಗಿ ಕಾಣುತ್ತಿತ್ತು, ಈಗಿನದು 375 ಮೀಟರಿನಷ್ಟು ಸೂಕ್ಷ್ಮವಾಗಿ ಕಾಣುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ತಲೆಯ ಮೇಲೆ ಹಾಯುತ್ತದೆ, ಹಂದರದ ಕೆಳಗಿನ ಸಣ್ಣ ಬೆಂಕಿ ಅದಕ್ಕೆ ಕಾಣದು. ಕಾವಲು ಗೋಪುರದಲ್ಲಿ ಕೂತವನ ಕಣ್ಣಿಗೆ ಬದಲಿ ಇನ್ನೂ ಬಂದಿಲ್ಲ.

ಆ ಕಣ್ಣು ಯಾರದು? ಹೆಚ್ಚಿನ ಕಡೆ ಹಾಡಿ, ಪೋಡು ಎಂದು ಕರೆಯುವ ಕಾಡಂಚಿನ ಬುಡಕಟ್ಟು ವಸತಿಗಳಿಂದ ಬೇಸಿಗೆಯ ಕೆಲವು ತಿಂಗಳಿಗೆಂದು ದಿನಗೂಲಿಯ ಮೇಲೆ ಸೇರಿಸಿಕೊಂಡ ಜೇನು ಕುರುಬರು, ಸೋಲಿಗರು, ಬೆಟ್ಟ ಕುರುಬರು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಮೂವರು ಕಾವಲುಗಾರರು, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೊಬ್ಬ ರಕ್ಷಕರು ಪ್ರಾಣ ಕಳೆದುಕೊಂಡರು. ಬೆಂಕಿ ತಡೆವ ಉಡುಪು, ಒಳ್ಳೆಯ ಬೂಟು, ತರಬೇತಿ, ವಿಮೆ ಇವು ಹೆಲಿಕಾಪ್ಟರ್‌ಗಿಂತ ಮೊದಲು ಬರಬೇಕಾದವು.

ತರಬೇತಿಯ ಬೆಲೆ ಏನೆಂದು ತಿಳಿಯಲು ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಕಣಿವೆಯ ಘಟನೆಯನ್ನು ಇಂದಿಗೂ ನೆನೆಯುತ್ತಾರೆ. 1949ರ ಆಗಸ್ಟ್ 5ರಂದು ಪ್ಯಾರಾಚೂಟ್‌ನಿಂದ ಇಳಿದ ಬೆಂಕಿಪಡೆಯವರ ಕಡೆಗೆ ಕೆಳಗಿನಿಂದ ಹುಲ್ಲಿನ ಬೆಂಕಿ ಏರಿಬಂತು. ಓಡಿ ತಪ್ಪಿಸಿಕೊಳ್ಳಲಾಗದು ಎಂದು ಕಂಡ ನಾಯಕ ವ್ಯಾಗ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಸುಟ್ಟ ಬೂದಿಯೊಳಗೆ ಹೋಗಿ ಬೋರಲು ಮಲಗಿ ಉಳಿದವರನ್ನೂ ಕರೆದ. ಯಾರೂ ಬರಲಿಲ್ಲ, ಹಾಗೊಂದು ಉಪಾಯವಿದೆಯೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. 13 ಜನ ಸತ್ತರು, ಡಾಡ್ಜ್ ಬದುಕಿದ. ಬೆಂಕಿಯ ವೇಗವನ್ನು ಲೆಕ್ಕ ಹಾಕುವ ಸೂತ್ರವನ್ನು 1972ರಲ್ಲಿ ಪ್ರಕಟಿಸಿದ ರಿಚರ್ಡ್ ರಾಥರ್ಮೆಲ್ ಮುಂದೆ ಇದೇ ಕಣಿವೆಯ ಓಟವನ್ನು ಲೆಕ್ಕಕ್ಕೆ ಹಚ್ಚಿ, ಆ ಓಟವನ್ನು ಗೆಲ್ಲುವುದು ಸಾಧ್ಯವಿರಲಿಲ್ಲ ಎಂದು ತೋರಿಸಿದ.

ನಿಸರ್ಗದ ಮೇಲೆ ಪರಿಣಾಮ

ಸುಟ್ಟ ಕಾಡಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆದವರಿಗೆ ಎಲ್ಲವೂ ಮುಗಿಯಿತು ಅನ್ನಿಸುತ್ತದೆ. ಕರಿ ನೆಲ, ಬೂದಿ, ಮಸಿ ಬಳಿದ ಬುಡಗಳು. ಆದರೆ ಮಣ್ಣು ಕಾವನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಗುರವಾದ ನೆಲಬೆಂಕಿ ಹಾದುಹೋದಾಗ ಕೆಲವೇ ಅಂಗುಲ ಕೆಳಗೆ ಕಾವು ಅಷ್ಟಾಗಿ ಏರಿರುವುದಿಲ್ಲ. ಹುಲ್ಲಿನ ಬೇರು, ಗೆಡ್ಡೆ, ಇರುವೆ, ಬಿಲದೊಳಗಿನ ಹಾವು ಇಲಿಗಳು ಅಲ್ಲಿ ಉಳಿಯುತ್ತವೆ. ಮತ್ತಿಯ ಮೊಸಳೆ ಚರ್ಮದಂಥ ದಪ್ಪ ತೊಗಟೆ ಒಳಗಿನ ಜೀವಪದರವನ್ನು ಕಾಯುತ್ತದೆ. ತೇಗ, ಹೊನ್ನೆ, ಕವಲು, ನೆಲ್ಲಿ ಮರಗಳು ಮೇಲೆ ಸುಟ್ಟರೂ ಬುಡದಿಂದ ಚಿಗುರಬಲ್ಲವು. ಮೊದಲ ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಆ ಕರಿ ನೆಲದ ಮೇಲೆ ಹಸಿರು ಎದ್ದು, ಜಿಂಕೆ, ಕಾಟಿಗಳು ಅಲ್ಲಿಗೇ ಬರುತ್ತವೆ. ಬೆಂಕಿಯ ಮುಂದೆ ಹಾರುವ ಹುಳುಗಳನ್ನು ಹಿಡಿಯಲು ಕಾಜಾಣಗಳು ಹೊಗೆಯ ಅಂಚಿನಲ್ಲೇ ಹಾರಾಡುವುದನ್ನು ಕಾವಲುಗಾರರು ದಿನವೂ ಕಾಣುತ್ತಾರೆ.

ಇಷ್ಟನ್ನು ಕಂಡು ಬೆಂಕಿಯಿಂದ ಏನೂ ಆಗದು ಎನ್ನುವುದು ಅಷ್ಟೇ ದೊಡ್ಡ ತಪ್ಪು. ಪ್ರಶ್ನೆ ಇರುವುದು ಬೆಂಕಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂಬುದರಲ್ಲಿ. ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ 50 ಹೆಕ್ಟೇರಿನ ತಾಣವೊಂದನ್ನು ಗುರುತಿಸಿ, ಅಲ್ಲಿನ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು ವರ್ಷ ವರ್ಷವೂ ಲೆಕ್ಕ ಇಡುತ್ತ ಬಂದಿದ್ದಾರೆ. ನರೇಂದ್ರನ್ ಕೋದಂಡಪಾಣಿ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 20ನೇ ಶತಮಾನದ ಆರಂಭದಲ್ಲಿ ಮುದುಮಲೆಯ ಕಾಡು ಸರಾಸರಿ ಸುಮಾರು 10 ವರ್ಷಕ್ಕೊಮ್ಮೆ ಸುಡುತ್ತಿತ್ತು. ಶತಮಾನದ ಕೊನೆಯ ಹೊತ್ತಿಗೆ ಅದು ಮೂರು ವರ್ಷ ಚಿಲ್ಲರೆಗೆ ಇಳಿದಿತ್ತು. ದೊಡ್ಡ ಮರಕ್ಕೆ ಇದು ತಡೆದೀತು. ಸಸಿಗೆ ತಡೆಯದು. ತೊಗಟೆ ದಪ್ಪವಾಗುವ ವಯಸ್ಸು ಮುಟ್ಟುವ ಮೊದಲೇ ಅದು ಮತ್ತೆ ಮತ್ತೆ ಸುಟ್ಟುಹೋಗುತ್ತದೆ. ಹೊರಗಿನಿಂದ ನೋಡಿದರೆ ಹಸಿರಾಗಿ ಕಾಣುವ ಆ ಕಾಡು ಮಕ್ಕಳಿಲ್ಲದ ಊರಿನಂತೆ. ಮುದುಕರು ಉರುಳಿದ ಮೇಲೆ ಆ ಜಾಗಕ್ಕೆ ಬರುವುದು ಲಂಟಾನ. ನೆಲದ ಮೇಲೆ ಮೊಟ್ಟೆಯಿಡುವ ಕಾಡುಕೋಳಿ, ಓಡಲಾರದ ಆಮೆ, ಮರಿ ಪ್ರಾಣಿಗಳು ಸಾಯುತ್ತವೆ. ಬೂದಿಯಿಂದ ಪೊಟ್ಯಾಸಿಯಮ್, ಕ್ಯಾಲ್ಸಿಯಮ್ ನೆಲಕ್ಕೆ ಸಿಕ್ಕರೂ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮಣ್ಣು ಮೊದಲ ದೊಡ್ಡ ಮಳೆಗೇ ಹಳ್ಳ ಸೇರುತ್ತದೆ.

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡು ಮತ್ತು ಶೋಲಾಗಳ ಮಾತೇ ಬೇರೆ. ಕುದುರೆಮುಖ, ಬ್ರಹ್ಮಗಿರಿ, ಬಾಬಾಬುಡನ್‌ಗಿರಿಗಳ ಕಣಿವೆಗಳಲ್ಲಿ ಅಡಗಿದ ಶೋಲಾದ ಮರಗಳಿಗೆ ತೆಳು ತೊಗಟೆ. ಅವುಗಳ ಹುಟ್ಟಿನಲ್ಲಿ ಬೆಂಕಿಯ ನೆನಪಿಲ್ಲ. ಸುತ್ತಲಿನ ಹುಲ್ಲುಗುಡ್ಡಕ್ಕೆ ಇಟ್ಟ ಬೆಂಕಿ ಪ್ರತಿ ಸಲವೂ ಶೋಲಾದ ಅಂಚನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ. ನದಿಗಳ ತಲೆನೀರು ಹುಟ್ಟುವ ಈ ಕಾಡುಗಳಿಗೆ ಬೆಂಕಿ ಬೀಳಲೇಬಾರದು. ಇಲ್ಲಿ ಎರಡು ಮಾತಿಲ್ಲ.

ಲೋಕದ ಬೇರೆ ಕಡೆ ಬೆಂಕಿಯನ್ನೇ ಕಾಯುವ ಮರಗಳಿವೆ. ಉತ್ತರ ಅಮೆರಿಕದ ಲಾಡ್ಜ್‌ಪೋಲ್ ಪೈನ್ ಮರದ ಕಾಯಿಗಳು ಮೇಣದಂಥ ಅಂಟಿನಿಂದ ಮುಚ್ಚಿಕೊಂಡಿರುತ್ತವೆ, ಬೆಂಕಿಯ ಕಾವಿಗೆ ತೆರೆದು ಬೀಜ ಉದುರಿಸುತ್ತವೆ. 1988ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸುಟ್ಟಾಗ ಉದ್ಯಾನ ಸತ್ತಿತೆಂದು ಬರೆದವರಿದ್ದರು. ಕೆಲವೇ ವರ್ಷಗಳಲ್ಲಿ ಆ ನೆಲವನ್ನೆಲ್ಲ ಪೈನ್ ಸಸಿಗಳು ತುಂಬಿದವು. ಆದರೆ ಅಂಥ ಕಾಡುಗಳೂ ಈಗ ತಮ್ಮ ಅಳತೆ ಮೀರಿದ ಬೆಂಕಿಯನ್ನು ಕಾಣುತ್ತಿವೆ. 2019-20ರ ಬೇಸಿಗೆಯಲ್ಲಿ ಆಸ್ಟ್ರೇಲಿಯಾದ ಬೆಂಕಿ ಸುಮಾರು 300 ಕೋಟಿ ಪ್ರಾಣಿಗಳನ್ನು ಕೊಂದಿತು ಇಲ್ಲವೇ ನೆಲೆ ತಪ್ಪಿಸಿತು ಎಂಬ ಅಂದಾಜಿದೆ. ಎಂದೂ ಸುಡದ ಮಳೆಕಾಡಿನ ತುಣುಕುಗಳೂ ಆಗ ಸುಟ್ಟವು. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಉರಿಯಿತು, ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಬಿಸಿಯೇರುತ್ತಿರುವ ಭೂಮಿಯಲ್ಲಿ ಒಣದಿನಗಳು ಹೆಚ್ಚುತ್ತವೆ, ಉರಿದ ಕಾಡು ಮತ್ತಷ್ಟು ಇಂಗಾಲವನ್ನು ಗಾಳಿಗೆ ಸೇರಿಸುತ್ತದೆ.

ನಿಷೇಧ ಮತ್ತು ತರಗುಬೆಂಕಿ

ಕಾಡಿಗೆ ಬೆಂಕಿ ಬೀಳಲೇಕೂಡದು ಎಂಬ ನೀತಿ ಭಾರತಕ್ಕೆ ಬಂದದ್ದು ಬ್ರಿಟಿಷರ ಅರಣ್ಯ ಇಲಾಖೆಯ ಜೊತೆಗೆ. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕ್ಯಾಪ್ಟನ್ ಪಿಯರ್ಸನ್ ಬೆಂಕಿ ತಡೆದು ತೋರಿಸಿದ ಮೇಲೆ ಅದು ಎಲ್ಲೆಡೆ ಮಾದರಿಯಾಯಿತು. ಕೆಲವು ದಶಕಗಳಲ್ಲಿ ಬರ್ಮಾದ ಅರಣ್ಯಾಧಿಕಾರಿಗಳೇ ಗಾಬರಿಯಾದರು: ಬೆಂಕಿ ನಿಲ್ಲಿಸಿದ ಕಾಡುಗಳಲ್ಲಿ ತೇಗದ ಸಸಿಗಳೇ ಮೇಲೇಳುತ್ತಿರಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ನೀತಿ ಸಡಿಲವಾಯಿತು. ಅಮೆರಿಕ ಇನ್ನೂ ದೂರ ಹೋಯಿತು. 1910ರ ಆಗಸ್ಟಿನಲ್ಲಿ ಎರಡೇ ದಿನಗಳಲ್ಲಿ 30 ಲಕ್ಷ ಎಕರೆ ಸುಟ್ಟ ಭಯದಿಂದ, 1935ರಲ್ಲಿ ಯಾವುದೇ ಬೆಂಕಿಯನ್ನು ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನಿಯಮ ಮಾಡಿತು. ಚಿಕ್ಕ ಬೆಂಕಿಗಳನ್ನೆಲ್ಲ ಆರಿಸಿದ್ದರಿಂದ ಉರುವಲು ರಾಶಿಬಿದ್ದು ದೊಡ್ಡ ಬೆಂಕಿಗಳಿಗೆ ದಾರಿಯಾಯಿತು. 1970ರ ದಶಕದಲ್ಲಿ ಆ ನಿಯಮವನ್ನು ಕೈಬಿಟ್ಟರು.

ನಮ್ಮ ನೆಲದಲ್ಲಿ ಇದೇ ಪಾಠವನ್ನು ಹೇಳುವವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಜನವರಿಯ ಆಸುಪಾಸಿನಲ್ಲಿ, ತರಗು ಅಷ್ಟಾಗಿ ಬೀಳದಿರುವಾಗ, ನೆಲದಲ್ಲಿ ಇನ್ನೂ ತೇವವಿರುವಾಗ ಅವರ ಹಿರಿಯರು ಅಲ್ಲಲ್ಲಿ ಹಗುರವಾಗಿ ಹಚ್ಚುತ್ತಿದ್ದ ಬೆಂಕಿಗೆ ಅವರ ಮಾತಿನಲ್ಲಿ ತರಗುಬೆಂಕಿ ಎಂದು ಹೆಸರು. ಅದು ಮೊಣಕಾಲಿಗಿಂತ ಮೇಲೇಳುತ್ತಿರಲಿಲ್ಲ, ತೇವ ಸಿಕ್ಕಲ್ಲಿ ತಾನೇ ಆರುತ್ತಿತ್ತು. ಏಪ್ರಿಲಿನ ದೊಡ್ಡ ಬೆಂಕಿಗೆ ಆಮೇಲೆ ಉರುವಲು ಉಳಿಯುತ್ತಿರಲಿಲ್ಲ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ನಿಂತಿತು. ಆಮೇಲೆಯೇ ಲಂಟಾನ ಕಾಡನ್ನು ಆವರಿಸಿತು ಎಂದು ಸೋಲಿಗರು ಹೇಳುತ್ತಾರೆ. ತಾವು ಉಪ್ಪಿಲು ಎಂದು ಕರೆಯುವ ಬದನಿಕೆ ನೆಲ್ಲಿಮರಗಳ ಮೇಲೆ ಹೆಚ್ಚಿ ಮರಗಳು ಸಾಯುತ್ತಿರುವುದಕ್ಕೂ ಇದೇ ಕಾರಣ ಎನ್ನುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅವರ ಜೊತೆ ಕೂತು ಇದನ್ನು ದಾಖಲಿಸಿದ್ದಾರೆ. ಲಂಟಾನ ಈಗಾಗಲೇ ತುಂಬಿರುವ ಕಾಡಿಗೆ ಹಳೆಯ ರೀತಿಯಲ್ಲೇ ಬೆಂಕಿ ಕೊಡುವುದು ಅಪಾಯ, ಮೊದಲು ಅದನ್ನು ಬೇರುಸಹಿತ ಕಿತ್ತು ತೆಗೆಯಬೇಕು. ಅದಾದ ಮೇಲೆ ಒಣ ಎಲೆಯುದುರುವ ಕಾಡುಗಳಲ್ಲಿ, ಆಯ್ದ ಜಾಗಗಳಲ್ಲಿ, ಸೋಲಿಗರ ಮೇಲ್ವಿಚಾರಣೆಯಲ್ಲೇ ತರಗುಬೆಂಕಿಯನ್ನು ಪರೀಕ್ಷಿಸಿ ನೋಡುವುದು ಇಲಾಖೆಗೆ ಅಸಾಧ್ಯವಾದ ಕೆಲಸವಲ್ಲ. ಆಸ್ಟ್ರೇಲಿಯಾದ ಆರ್ನಹೆಮ್ ಪ್ರದೇಶದಲ್ಲಿ ಮೂಲನಿವಾಸಿಗಳು ಋತುವಿನ ಆರಂಭದಲ್ಲೇ ತಣ್ಣನೆಯ ಬೆಂಕಿ ಕೊಡುವ ತಮ್ಮ ಪದ್ಧತಿಯನ್ನು 2006ರಿಂದ ಸರ್ಕಾರ ಮತ್ತು ಕಂಪನಿಗಳ ನೆರವು ಪಡೆದು ನಡೆಸುತ್ತಿದ್ದಾರೆ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ಹುಲಿ ಕಾಡೊಂದರೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಬೆಂಕಿಯ ವಿಷಯದಲ್ಲಿ ಮಾತ್ರ ವನ್ಯಧಾಮಕ್ಕೆ ಬೆಂಕಿ ಇಡುವುದನ್ನು ನಿಷೇಧಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಇಂದಿಗೂ ಜಾರಿಯಲ್ಲಿದೆ. ಜನವರಿಯಲ್ಲಿ ಪೋಡಿನ ಹಿರಿಯ ಹಚ್ಚುವ ತರಗುಬೆಂಕಿಗೂ ಏಪ್ರಿಲಿನಲ್ಲಿ ಹಗೆಯಿಂದ ಹಚ್ಚುವ ಬೆಂಕಿಗೂ ಆ ಕಲಮಿನಡಿ ಹೂಡುವ ಮೊಕದ್ದಮೆ ಒಂದೇ.